ಪಾಡ್‌ಕಾಸ್ಟ್ | ನಿಹಾರಿ ಹುಡುಕಿ ಹೊರಟವರಿಗೆ ಮಂಡ್ಯದ ಕಾಲು ಸೂಪು ಸಿಗೋದು ಎಲ್ಲಿ, ಯಾವಾಗ?

(ಈ ವಾರದ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಕೆ.ಆರ್. ಪೇಟೆ ತಾಲ್ಲೂಕಿನ ಒಬ್ಬ ಕೇಳುಗರು. ಅವರ ಅಪ್ಪ ಮುಂಬೈನಲ್ಲಿ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದವರು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮಹಮ್ಮದ್ ಅಲಿ ರಸ್ತೆ ಕಡೆ ಮಟನ್ ನಿಹಾರಿ ತಿಂತಿದ್ದರಂತೆ. ಈಗ ಹಲ್ಲು ಒಂದೊಂದೇ ಹೋಗ್ತಿದೆ, ಮೆತ್ತಗೆ ಬೆಂದ ಬಾಡು ಬಿಟ್ಟರೆ ಬೇರೆ ತಿನ್ನೋಕಾಗಲ್ಲ. ‘ಅಪ್ಪನಿಗೆ ಒಂದು ಬೆಳಗ್ಗೆ ಅದನ್ನ ತಿನ್ನಿಸ್ಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಎಲ್ಲ ಕಡೆ ಮ್ಯಾಪ್‌ನಲ್ಲಿ ಹುಡುಕಿದೆ. ನಿಹಾರಿ ಅಂತ ಹಾಕಿದ್ರೆ ಬಿರಿಯಾನಿ ಅಂಗಡಿ ತೋರಿಸ್ತದೆ, ಅದೂ ಹನ್ನೊಂದು ಗಂಟೆಗೆ ಬಾಗಿಲು ತೆಗೆಯೋವು. ಎಲ್ಲಿ ಸಿಗುತ್ತೆ ಹೇಳಿ’ ಅನ್ನೋದು ಅವರ ಪ್ರಶ್ನೆ.

ನೇರವಾಗಿ ಹೇಳ್ತೀನಿ. ಈ ನಾಲ್ಕು ತಾಲ್ಲೂಕಲ್ಲಿ ನಿಹಾರಿ ಅಂತ ಬೋರ್ಡ್ ಹುಡುಕ್ತಾ ಹೋದ್ರೆ ಬರಿಗೈಲಿ ವಾಪಸ್ ಬರಬೇಕಾಗುತ್ತೆ. ಆದರೆ ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೆಂದು, ಬೆಳಗ್ಗೆ ಖಾಲಿ ಹೊಟ್ಟೆಗೆ ಇಳಿಯೋ ಬಾಡು ಇಲ್ಲಿ ಇದೆ. ಅದರ ಹೆಸರು ಬೇರೆ, ಸಮಯ ಬೇರೆ, ಅದು ಫೋನಿಗೆ ಸಿಗೋದು ಕಷ್ಟ. ಹೆಸರು ಕಾಲು ಸೂಪು. ಮುಸ್ಲಿಂ ಹೋಟೆಲ್‌ನಲ್ಲಿ ಕೇಳಿದ್ರೆ ಪಾಯ. ಹಳಬರ ಬಾಯಲ್ಲಿ ಕಾಲ್ ಸಾರು. ‘ಸೂಪು’ ಅನ್ನೋ ಇಂಗ್ಲಿಷ್ ಪದ ಆಮೇಲೆ ಬಂದು ಸೇರ್ಕೊಂಡಿದ್ದು.

ಮೊದಲು ನಿಹಾರಿಗೂ ಇದಕ್ಕೂ ಏನು ವ್ಯತ್ಯಾಸ ನೋಡೋಣ. ಉರ್ದುವಿನಲ್ಲಿ ‘ನಿಹಾರ್ ಮುಹ್’ ಅಂದ್ರೆ ಖಾಲಿ ಹೊಟ್ಟೆಯಲ್ಲಿ ಅಂತ. ಅರಬ್ಬಿಯ ‘ನಹಾರ್’ ಅಂದ್ರೆ ಹಗಲು. ದೆಹಲಿ, ಲಖನೌ ಕಡೆಯ ಅಡುಗೆ ಇದು. ಮೊಣಕಾಲಿನ ಕೆಳಗಿನ ಬಿಗಿ ಮಾಂಸವನ್ನ ದೊಡ್ಡ ಪಾತ್ರೆಗೆ ಹಾಕಿ, ಬಾಯಿ ಮುಚ್ಚಿ, ರಾತ್ರಿಯೆಲ್ಲ ಬೇಯಿಸಿ, ಗೋಧಿ ಹಿಟ್ಟು ಕದಡಿ ಗಟ್ಟಿ ಮಾಡ್ತಾರೆ. ಪಾಯದಲ್ಲಿ ಮಾಂಸವೇ ಇಲ್ಲ ಅನ್ನಬಹುದು. ಕುರಿ ಅಥವಾ ಮೇಕೆಯ ಪಾದ, ಅದರ ಚರ್ಮ, ನರ, ಕೀಲು, ಅಷ್ಟೇ. ನಮ್ಮ ಕಾಲು ಸೂಪು ಇದೇ ಜಾತಿಗೆ ಸೇರಿದ್ದು. ತೆಳ್ಳಗಿರುತ್ತೆ, ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಮುಂದೆ ನಿಲ್ಲುತ್ತೆ. ತುಪ್ಪ, ಕೇವ್ರಾ ಅಂತ ಘಮಘಮ ಏನೂ ಇರಲ್ಲ. ಇನ್ನೊಂದು ವಿಷಯ: ಉತ್ತರದಲ್ಲಿ ನಿಹಾರಿ ಹೆಚ್ಚಾಗಿ ದನ ಅಥವಾ ಎಮ್ಮೆ ಮಾಂಸದ್ದು. ನಮ್ಮಲ್ಲಿ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವ ಜಾನುವಾರನ್ನೂ ಕಡಿಯುವ ಹಾಗಿಲ್ಲ. ಹಾಗಾಗಿ ನಿಹಾರಿ ಅಂತ ಯಾರಾದ್ರೂ ಮಾಡಿದ್ರೂ ಅದು ಹೆಚ್ಚುಕಮ್ಮಿ ಮಟನ್ನೇ.

ಇನ್ನು ಅದು ಯಾಕೆ ರಾತ್ರಿಯೆಲ್ಲ ಬೇಯಬೇಕು? ಕಾಲಲ್ಲಿ ತುಂಬಿರೋದು ಕೊಲಾಜನ್ ಅನ್ನೋ ಪ್ರೋಟೀನು. ಮೂಳೆಗೆ ನರವನ್ನ, ನರಕ್ಕೆ ಸ್ನಾಯುವನ್ನ ಬಿಗಿದು ಕಟ್ಟೋ ಹಗ್ಗದ ಥರ ಅದು. ಅರ್ಧ ಗಂಟೆ ಬೇಯಿಸಿದ್ರೆ ಚಪ್ಪಲಿ ಜಗಿದ ಹಾಗಿರುತ್ತೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಗಂಟೆಗಟ್ಟಲೆ ಇದ್ದಾಗ ಈ ಹಗ್ಗದ ಎಳೆ ಬಿಚ್ಚಿಕೊಂಡು ಜೆಲಟಿನ್ ಆಗಿ ನೀರಿಗೆ ಬಿಡುತ್ತೆ. ಧಗಧಗ ಉರಿ ಬೇಡವೇ ಬೇಡ. ಜೋರಾಗಿ ಕುದಿಸಿದ್ರೆ ನೀರು ಬತ್ತುತ್ತೆ, ಕೊಬ್ಬು ಒಡೆದು ಸೂಪು ಕದಡಿದ ಹಾಗಾಗುತ್ತೆ. ಬೇಕಿರೋದು ಆಗೊಂದು ಈಗೊಂದು ಗುಳ್ಳೆ ಏಳೋ ಅಷ್ಟು ಶಾಖ. ಸೌದೆ ಉರಿದು ಕೆಂಡವಾದ ಮೇಲೆ ಒಲೆ ತಾನಾಗೇ ಕೊಡೋದು ಅದನ್ನೇ. ತೆಂಗಿನ ಮಟ್ಟೆ, ಕರಟ ಧಾರಾಳವಾಗಿ ಸಿಗೋ ಸೀಮೆಯಲ್ಲಿ ಇದು ದುಬಾರಿಯೂ ಅಲ್ಲ.

ಚೆನ್ನಾಗಿ ಬೆಂದಿದೆಯಾ ಅಂತ ನೋಡೋಕೆ ಎರಡು ಗುರುತು. ಎರಡು ಗುಟುಕು ಕುಡಿದು ತುಟಿ ಮುಚ್ಚಿ ತೆಗೀರಿ, ಅಂಟಬೇಕು. ತಟ್ಟೆಯಲ್ಲಿ ಉಳಿದಿದ್ದು ತಣ್ಣಗಾದ್ರೆ ಅಂಚಲ್ಲಿ ಗಟ್ಟಿ ಕಟ್ಟಬೇಕು. ಬರೀ ಖಾರ, ಬರೀ ಎಣ್ಣೆ ತೇಲ್ತಾ ಇದ್ದು ತುಟಿ ಅಂಟಲಿಲ್ಲ ಅಂದ್ರೆ, ಮಸಾಲೆ ನೀರಿಗೆ ಕಾಲು ಅದ್ದಿ ಕೊಟ್ಟಿದ್ದಾರೆ ಅಂತ ಅರ್ಥ.

ಬೇಯಿಸೋದಕ್ಕಿಂತ ಮುಂಚಿನ ಕೆಲಸವೇ ದೊಡ್ಡದು. ಕಾಲನ್ನ ಬೆಂಕಿಯಲ್ಲಿ ಸುಡಬೇಕು, ರೋಮ ಪೂರ್ತಿ ಹೋಗೋವರೆಗೆ. ಗೊರಸು ಕೀಳಬೇಕು. ಕಪ್ಪಾದ ಚರ್ಮವನ್ನ ಚಾಕುವಿನಲ್ಲಿ ಕೆರೆದು, ಅರಿಶಿನ ಹಚ್ಚಿ, ನಾಲ್ಕೈದು ಸಲ ತೊಳೀಬೇಕು. ಸುಟ್ಟ ವಾಸನೆ ಬಟ್ಟೆ ಬಿಟ್ಟು ಹೋಗಲ್ಲ. ಈಗ ಗ್ಯಾಸ್ ಬರ್ನರ್‌ನಲ್ಲಿ ಸುಡ್ತಾರೆ, ಬೇಗ ಆಗುತ್ತೆ. ಆದರೆ ಸೌದೆ ಬೆಂಕಿಯಲ್ಲಿ ಸುಟ್ಟ ಕಾಲಿಗೆ ಬರೋ ಹೊಗೆಯ ರುಚಿ ಅದಕ್ಕೆ ಬರಲ್ಲ ಅಂತ ನನ್ನ ನಾಲಿಗೆ ಹೇಳುತ್ತೆ, ನಿಮ್ಮದು ಬೇರೆ ಹೇಳಬಹುದು. ಸಣ್ಣ ಹೋಟೆಲುಗಳಲ್ಲಿ ಈ ಕೆಲಸ ಮಾಡೋದು ಬಹುಪಾಲು ಮನೆಯವರೇ. ಗಂಡ ಹೆಂಡತಿ ಸಂಜೆ ಕೂತು ಕಾಲು ಶುದ್ಧ ಮಾಡಿ, ಒಲೆಗೇರಿಸಿ, ನಡುರಾತ್ರಿ ಒಂದು ಸಲ ಎದ್ದು ಕೆಂಡ ಸರಿ ಮಾಡಿ, ನಾಲ್ಕೂವರೆಗೆ ಒಗ್ಗರಣೆ ಹಾಕ್ತಾರೆ. ಇದನ್ನ ಮುಂದುವರಿಸ್ತೀನಿ ಅಂತ ಹೇಳೋ ಮಕ್ಕಳು ಕಮ್ಮಿ. ಬೆಳಗ್ಗೆ ಎಂಟಕ್ಕೆ ಖಾಲಿಯಾಗೋ ಒಂದು ಹಂಡೆ ಸೂಪಿಗಾಗಿ ವಾರಕ್ಕೆ ಐದು ರಾತ್ರಿ ನಿದ್ದೆ ಕೆಡಿಸ್ಕೋ ಅಂತ ಅವರಿಗೆ ನಾನೂ ಹೇಳಲಾರೆ.

ಸರಿ, ಹುಡುಕೋದು ಹೇಗೆ? ಇಲ್ಲಿ ಒಂದು ಲೆಕ್ಕ ಇದೆ. ಒಂದು ಕುರಿಗೆ ನಾಲ್ಕೇ ಕಾಲು. ಒಂದು ಕಾಲನ್ನ ಎರಡೋ ಮೂರೋ ತುಂಡು ಮಾಡಬಹುದು. ಪ್ಲೇಟಿಗೆ ಎರಡು ತುಂಡು ಅಂದ್ರೂ 50 ಪ್ಲೇಟಿಗೆ 100 ತುಂಡು ಬೇಕು, ಅಂದರೆ ಸುಮಾರು 40 ಕಾಲು, ಹತ್ತು ಕುರಿ. ಸಣ್ಣ ಊರಲ್ಲಿ ಮಾಮೂಲಿ ದಿನ ಒಂದು ಮಟನ್ ಅಂಗಡಿಯವರು ಹತ್ತು ಕುರಿ ಕಡಿಯಲ್ಲ. ಹಾಗಾಗಿ ಸೂಪಿನ ಹೋಟೆಲಿನವರು ಎರಡು ಮೂರು ಅಂಗಡಿಗೆ ಮೊದಲೇ ಹೇಳಿಟ್ಟಿರ್ತಾರೆ. ನೀವು ಹುಡುಕಬೇಕಾದದ್ದು ಹೋಟೆಲನ್ನಲ್ಲ, ಮಟನ್ ಅಂಗಡಿಯನ್ನ. ‘ಅಣ್ಣಾ, ನಿಮ್ಮ ಅಂಗಡಿ ಕಾಲು ಯಾವ ಹೋಟೆಲಿಗೆ ಹೋಗುತ್ತೆ?’ ಅಂತ ಕೇಳಿ. ಮ್ಯಾಪ್‌ನಲ್ಲಿ ಇಲ್ಲದ ವಿಳಾಸ ಅಲ್ಲಿ ಬಾಯಲ್ಲಿ ಸಿಗುತ್ತೆ. ‘ನಾನ್ ವೆಜ್ ಬ್ರೇಕ್‌ಫಾಸ್ಟ್ ಎಲ್ಲಿದೆ’ ಅಂತ ಕೇಳಿದ್ರೆ ಆಮ್ಲೆಟ್ ಅಂಗಡಿಗೆ ಕಳಿಸ್ತಾರೆ, ಅದು ಅವರ ತಪ್ಪಲ್ಲ.

ಎರಡನೇದು, ದಿನ. ಈ ಸೀಮೆಯಲ್ಲಿ ಬಾಡಿಗೆ ಒಂದು ಪಂಚಾಂಗವೇ ಇದೆ. ಸೋಮವಾರ ಶಿವನ ವಾರ, ಶನಿವಾರ ವೆಂಕಟರಮಣ, ಆಂಜನೇಯನ ವಾರ ಅಂತ ಬಹಳ ಮನೆಗಳಲ್ಲಿ ತಿನ್ನಲ್ಲ, ಹೋಟೆಲೂ ತಣ್ಣಗಿರುತ್ತೆ. ಶ್ರಾವಣದಲ್ಲಿ ಕೆಲವರು ಬಾಗಿಲನ್ನೇ ಹಾಕ್ತಾರೆ. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನ ಮಾಂಸ ಮಾರಾಟಕ್ಕೆ ಸ್ಥಳೀಯ ಸಂಸ್ಥೆಗಳ ನಿಷೇಧ ಇರುತ್ತೆ. ಗಮನಿಸಿ, ನಿಷೇಧದ ಮಾರನೇ ದಿನ ಬೆಳಗ್ಗೆಯೂ ಸೂಪು ಸಿಗೋದು ಅನುಮಾನ, ಯಾಕಂದ್ರೆ ಹಿಂದಿನ ದಿನ ಕುರಿಯೇ ಕಡಿದಿಲ್ಲ. ಇದೇ ಲೆಕ್ಕದಲ್ಲಿ ಭಾನುವಾರದ ಸೂಪೂ ಒಂದು ಒಗಟು. ಭಾನುವಾರ ಬೆಳಗ್ಗೆ ಬೇಡಿಕೆ ಜಾಸ್ತಿ, ಆದರೆ ಶನಿವಾರ ಕಡಿದ ಕುರಿ ಕಮ್ಮಿ. ಶುಕ್ರವಾರದ ಕಾಲನ್ನೂ ಫ್ರೀಜರಲ್ಲಿಟ್ಟು ಸೇರಿಸ್ಕೋಬೇಕು. ಭಾನುವಾರ ಕಡಿದ ರಾಶಿ ಕಾಲು ಸೋಮವಾರಕ್ಕೆ ಬರುತ್ತೆ, ತಿನ್ನೋರು ಅವತ್ತಿಲ್ಲ. ನನ್ನ ಕೇಳಿದ್ರೆ ಮಂಗಳವಾರ, ಬುಧವಾರ ಹೋಗಿ. ಜನ ಕಮ್ಮಿ, ಒಲೆ ಹತ್ತಿರ ನಿಂತು ಮಾತಾಡೋಕೆ ಮಾಲೀಕರಿಗೂ ಪುರುಸೊತ್ತಿರುತ್ತೆ.

ಮೂರನೇದು, ಗಂಟೆ. ಆರರಿಂದ ಎಂಟು. ಒಂಬತ್ತೂವರೆಗೆ ಆರಾಮಾಗಿ ಹೋಗಿ ನಾನೇ ಒಂದು ಸಲ ಬೈಸ್ಕೊಂಡಿದ್ದೀನಿ. ‘ಈಗ್ ಬಂದ್ರೆ ಏನ್ ಸಿಕ್ತದೆ ಸಾ, ಎಂಟ್ ಗಂಟ್ಗೇ ಖಾಲಿ. ಬೋಟಿ ಅದೆ, ಮುದ್ದೆ ಅದೆ, ಕೂತ್ಕಳಿ’ ಅಂದರು. ಬೋಟಿ ಗೊಜ್ಜು ಚೆನ್ನಾಗೇ ಇತ್ತು ಅನ್ನೋದು ಬೇರೆ ಮಾತು.

ಈಗ ಊರಿಗೆ ಬರೋಣ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನದ ಸುತ್ತ ಹುಡುಕಬೇಡಿ, ಅಲ್ಲಿ ಇಡ್ಲಿ ಕಾಫಿಯ ಕಾರುಬಾರು. ಬಸ್ ನಿಲ್ದಾಣದ ಆಸುಪಾಸು, ಹಳೇ ಬೆಂಗಳೂರು–ಮೈಸೂರು ರಸ್ತೆ, ಆಮೇಲೆ ಮುಸ್ಲಿಂ ಮನೆಗಳಿರೋ ಬೀದಿ, ಹೀಗೆ ವಿಚಾರಿಸ್ತಾ ಹೋಗಿ. ಎರಡು ಅಡುಗೆಯ ಬೆಳಗಿನ ಬಾಡು ಒಂದೇ ಊರಲ್ಲಿ ಹುಡುಕೋಕೆ ನಾಲ್ಕರಲ್ಲಿ ಇದೇ ಸರಿಯಾದ ಜಾಗ: ಪಾಯಕ್ಕೆ ಪರೋಟ ಅಥವಾ ಬನ್ನು, ಕಾಲು ಸೂಪಿಗೆ ಇಡ್ಲಿ ಅಥವಾ ಮುದ್ದೆ. ಹೈದರ್, ಟಿಪ್ಪು ಕಾಲದಲ್ಲಿ ರಾಜಧಾನಿ, ದಂಡಿನ ಊರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೂ ಬ್ರಿಟಿಷರ ಪಡೆ ಇಲ್ಲೇ ಇತ್ತು, ಮಲೇರಿಯಾ ಕಾಟಕ್ಕೆ 1809ರಲ್ಲಿ ಬೆಂಗಳೂರಿಗೆ ಹೋಯಿತು. ಪಾಯ ಟಿಪ್ಪು ಅಡುಗೆಮನೆಯಿಂದ ಬಂತು ಅಂತ ಯಾರಾದ್ರೂ ರೀಲ್ಸ್‌ನಲ್ಲಿ ಹೇಳಿದ್ರೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕ್ಕೊಂಡು ಕೇಳಿ. ಕುರಿ ಕಡಿದ ಕಡೆಯೆಲ್ಲ ಕಾಲು ಉಳಿಯುತ್ತೆ, ಕಾಲು ಉಳಿದ ಕಡೆಯೆಲ್ಲ ಯಾರೋ ಒಬ್ಬರು ಅದನ್ನ ಬೇಯಿಸಿರ್ತಾರೆ. ಅದಕ್ಕೆ ಸುಲ್ತಾನ ಬೇಕಿಲ್ಲ.

ಶ್ರೀರಂಗಪಟ್ಟಣಕ್ಕೆ ಇನ್ನೊಂದು ಏಟು ಬಿದ್ದಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲದಕ್ಕೂ ಬೈಪಾಸ್. ಬೆಳಗಿನ ಜಾವ ಲಾರಿ, ಕಾರು ನಿಲ್ಲಿಸಿ ಸೂಪು ಕುಡೀತಿದ್ದ ಚಾಲಕರು ಈಗ ಊರನ್ನ ಮುಟ್ಟದೇ ದಾಟಿ ಹೋಗ್ತಾರೆ. ಬೈಕಿನವರಿಗೆ ಮಾತ್ರ ಇದರಲ್ಲಿ ಒಂದು ಲಾಭ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ ಬಿಡಲ್ಲ. ಸರ್ವಿಸ್ ರಸ್ತೆ, ಹಳೇ ರಸ್ತೆ ಹಿಡೀಲೇಬೇಕು. ಸೂಪಿನ ಒಲೆ ಇರೋದೂ ಅದೇ ಕಡೆ.

ಪಾಂಡವಪುರ ಸಣ್ಣ ಊರು, ಕಬ್ಬಿನ ಸೀಮೆ, ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಕಡಿಯೋ ಕಾಲದಲ್ಲಿ ಬೆಳಗ್ಗೆ ಐದಕ್ಕೇ ಗದ್ದೆಗೆ ಇಳಿಯೋರಿಗೆ ಮಧ್ಯಾಹ್ನದವರೆಗೆ ತಡೆಯೋ ಊಟ ಬೇಕು. ಬೆಳಗ್ಗೆಯೇ ಮುದ್ದೆ, ಕಾಲ್ ಸಾರು ಅನ್ನೋದು ಅಲ್ಲಿ ಶೋಕಿ ಅಲ್ಲ. ಅಂದಹಾಗೆ ಈ ಊರಿಗೆ ಹಿಂದೆ ಹಿರೋಡೆ ಅಂತಲೂ, ‘ಫ್ರೆಂಚ್ ರಾಕ್ಸ್’ ಅಂತಲೂ ಹೆಸರಿತ್ತು. ಹೈದರ್, ಟಿಪ್ಪು ಕಡೆಯಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ನಿಜವಾದ ಮಿಲಿಟರಿ ಇದ್ದ ಊರು. ಈಗ ‘ಮಿಲಿಟರಿ ಹೋಟೆಲ್’ ಅಂದ್ರೆ ಹಳೇ ಮೈಸೂರಿನ ಕಡೆ ಬಾಡೂಟದ ಹೋಟೆಲ್ ಅಂತಷ್ಟೇ ಅರ್ಥ. ತಾಲ್ಲೂಕಿನ ಮೇಲುಕೋಟೆಗೆ ಹೋದ್ರೆ ಮಾತ್ರ ಈ ಆಸೆ ಬಿಟ್ಟುಬಿಡಿ, ಅದು ಪುಳಿಯೋಗರೆ, ಸಕ್ಕರೆ ಪೊಂಗಲ್ ಊರು.

ನಾಗಮಂಗಲದಲ್ಲಿ ಪೇಟೆ ಒಳಗಿನದಕ್ಕಿಂತ ಬೆಳ್ಳೂರು ಕ್ರಾಸ್ ಕಡೆ ಕೇಳಿ ನೋಡಿ. ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿ ಅಲ್ಲಿ ಹಾದುಹೋಗುತ್ತೆ, ರಾತ್ರಿ ಓಡೋ ವಾಹನ ಇರೋ ಕಡೆ ಬೆಳಗಿನ ಜಾವದ ಒಲೆಯೂ ಇರುತ್ತೆ. ಆದಿಚುಂಚನಗಿರಿ ಮಠದ ಬೆಟ್ಟದ ಬುಡದಲ್ಲಿ ಕೇಳಬೇಡಿ. ಕೆ.ಆರ್. ಪೇಟೆ ನಮ್ಮ ಕೇಳುಗರ ಸ್ವಂತ ತಾಲ್ಲೂಕು, ಅವರಿಗೆ ನಾನು ದಾರಿ ಹೇಳೋದು ಅಧಿಕಪ್ರಸಂಗ. ಒಂದೇ ಸಲಹೆ: ಸಂತೆ ದಿನ ಹೋಗಿ. ಸಂತೆಗೆ ಬಂದವರು ಬೆಳಕು ಹರಿಯೋ ಮುಂಚೆ ಮನೆ ಬಿಟ್ಟಿರ್ತಾರೆ, ಅವರಿಗಾಗಿಯೇ ಒಲೆ ಹೊತ್ತಿರುತ್ತೆ.

ಇಷ್ಟೊಂದು ಚೆನ್ನಾಗಿರೋದಕ್ಕೆ ಯಾಕೆ ಒಂದು ಬೋರ್ಡೂ ಇಲ್ಲ? ಮದ್ದೂರು ವಡೆಗೆ ಇರೋ ಹೆಸರು ಕಾಲು ಸೂಪಿಗೆ ಯಾಕಿಲ್ಲ? ಮಂಡ್ಯದಲ್ಲಿ ಬಾಡು ತಿನ್ನೋರು ಕಮ್ಮಿ ಅಂತ ಅಲ್ಲ. ಊರವರೆಲ್ಲ ದುಡ್ಡು ಹಾಕಿ ಕುರಿ ತಂದು, ಕಡಿದು, ಸಮಪಾಲು ಗುಡ್ಡೆ ಹಾಕಿ ಹಂಚಿಕೊಳ್ಳೋ ‘ಗುಡ್ಡೆ ಬಾಡು’ ಇಲ್ಲಿನ ಪದ್ಧತಿ. ಯುಗಾದಿ ಮಾರನೇ ದಿನದ ಹೊಸತೊಡಕು, ಪಿತೃಪಕ್ಷದ ಎಡೆ, ಎರಡಕ್ಕೂ ಬಾಡು ಬೇಕು. ಮೆತ್ತನೆ ಮಾಂಸಕ್ಕೆ ಹೆಸರಾದ ಬಂಡೂರು ಕುರಿ ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು. ಆದರೂ ಹತ್ತು ಜನರ ಎದುರು ಅದನ್ನ ಹೇಳೋಕೆ ಒಂದು ಹಿಂಜರಿಕೆ ಇದೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತಲ್ಲ, ನೆನಪಿದೆಯಾ? ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿದ್ರು. ಅಲ್ಲಿಂದ ‘ಸಮ್ಮೇಳನದಲ್ಲಿ ಬಾಡೂಟ ಹಾಕಿ’ ಅನ್ನೋ ಒತ್ತಾಯ ಹುಟ್ಟಿ, ರಾಜ್ಯದ ತುಂಬ ಚರ್ಚೆ ಆಯ್ತು. ದಿನಾ ತಿನ್ನೋ ಊಟವನ್ನ ಚಟದ ಪಟ್ಟಿಗೆ ಸೇರಿಸಿದ್ದು ಜನಕ್ಕೆ ನೋವಾಗಿತ್ತು. ಬೋರ್ಡಿಲ್ಲದ ಸೂಪಿನ ಅಂಗಡಿ ಕೂಡ ಇದೇ ಹಿಂಜರಿಕೆಯ ಕೂಸು ಅಂತ ನನಗನ್ಸುತ್ತೆ.

ಇನ್ನೂ ಒಂದು ಎಳೆ. 2022ರ ಯುಗಾದಿ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಅಂತ ಅಭಿಯಾನ ನಡೀತು. ಕಾಲಿನ ಲೆಕ್ಕ ಆಗಲೇ ಹೇಳಿದ್ನಲ್ಲ, ಹತ್ತು ಕುರಿಗೆ ಒಂದು ಹಂಡೆ. ಕುರಿ ಸಾಕಿದವರು ಒಬ್ಬರು, ಕಡಿದವರು ಇನ್ನೊಬ್ಬರು, ಸುಟ್ಟು ತೊಳೆದವರು ಮತ್ತೊಬ್ಬರು. ಸಣ್ಣ ಊರಲ್ಲಿ ಇವರು ಒಂದೇ ಜಾತಿ, ಒಂದೇ ಧರ್ಮದವರಾಗಿರೋದು ಅಪರೂಪ. ಎರಡು ಅಂಗಡಿಯ ಕಾಲು ಬೇಡ ಅಂದ್ರೆ ಮಾರನೇ ಬೆಳಗ್ಗೆ ಹಂಡೆ ಅರ್ಧ ಆಗುತ್ತೆ.

ಆರೋಗ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು, ಕೇಳುಗರ ಅಪ್ಪನಿಗೆ ವಯಸ್ಸಾಗಿದೆ. ಮೂಳೆ ಮುರಿದವರಿಗೆ, ಬಾಣಂತಿಗೆ, ಮಂಡಿ ನೋವಿಗೆ ಕಾಲು ಸೂಪು ಮದ್ದು ಅಂತಾರೆ. ಕುಡಿದ ಕೊಲಾಜನ್ ನೇರ ಮಂಡಿಗೆ ಹೋಗಿ ಕೂರಲ್ಲ, ಹೊಟ್ಟೆಯಲ್ಲಿ ಜೀರ್ಣವಾಗಿ ಬೇರೆ ಪ್ರೋಟೀನಿನ ಹಾಗೇ ಅಮೈನೊ ಆಮ್ಲ ಆಗುತ್ತೆ. ಸೂಪಿಗೆ ಇಳಿಯೋ ಕ್ಯಾಲ್ಸಿಯಂ ಕೂಡ ತೀರಾ ಕಮ್ಮಿ, ಒಂದು ಲೋಟ ಹಾಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಅಗಿಯಲಾಗದವರಿಗೆ, ಊಟ ಸೇರದವರಿಗೆ ಬಿಸಿಯಾಗಿ ಒಳಗೆ ಹೋಗುತ್ತಲ್ಲ, ಅದು ಲಾಭ. ಯೂರಿಕ್ ಆಮ್ಲ, ಗೌಟ್ ಇದ್ದವರು, ಬಿಪಿ ಇದ್ದು ಉಪ್ಪು ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರು ವೈದ್ಯರನ್ನ ಕೇಳಿ ತಿನ್ನಿ.

ಎರಡನೇದು ಇನ್ನೂ ಮುಖ್ಯ. ಹೋಟೆಲಿನವರನ್ನ ‘ರಾತ್ರಿ ಒಲೆ ಮೇಲೇ ಇರುತ್ತಾ, ಇಳಿಸಿಡ್ತೀರಾ?’ ಅಂತ ಕೇಳಿ. ಕೆಂಡದ ಮೇಲೆ ಬೆಳಗಿನವರೆಗೂ ಹಬೆಯಾಡ್ತಾ ಇದ್ದರೆ, ಅಂದರೆ 60 ಡಿಗ್ರಿಗಿಂತ ಮೇಲೇ ಇದ್ದರೆ, ಭಯ ಇಲ್ಲ. ಹತ್ತು ಗಂಟೆಗೆ ಇಳಿಸಿ, ದೊಡ್ಡ ಹಂಡೆಯಲ್ಲಿ ಹಾಗೇ ಮುಚ್ಚಿಟ್ಟು, ಬೆಳಗ್ಗೆ ಬಿಸಿ ಮಾಡಿ ಕೊಡೋದು ಅಪಾಯ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದ್ರೂ ಸಾಯಲ್ಲ, ಉಗುರುಬೆಚ್ಚಗಿನ ಸಾರಲ್ಲಿ ರಾತ್ರಿಯೆಲ್ಲ ಬೆಳೆಯುತ್ತೆ. ಬೆಳಗ್ಗೆ ತಿಂದು ಸಂಜೆ ಹೊಟ್ಟೆ ಹಿಡ್ಕೊಂಡು ಕೂರಬೇಕಾಗುತ್ತೆ.

ಎಲ್ಲೂ ಸಿಗಲಿಲ್ಲ ಅಂದ್ರೆ ಮನೆಯಲ್ಲೇ ಮಾಡಿ. ಎಂಟು ಕಾಲು ಅಂಗಡಿಯಲ್ಲೇ ಸುಡಿಸಿ, ತುಂಡು ಮಾಡಿಸಿ ತನ್ನಿ. ಚೆನ್ನಾಗಿ ಕೆರೆದು ತೊಳೆದು, ಎರಡು ಲೀಟರ್ ನೀರು, ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಹಾಕಿ ಕುಕ್ಕರ್‌ಗಿಡಿ. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ ಒಂದು ಗಂಟೆ. ಆಮೇಲೆ ಹುರಿದ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಮೆಣಸು, ಧನಿಯ, ಚಕ್ಕೆ, ಲವಂಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು ರುಬ್ಬಿ ಹಾಕಿ, ಮುಚ್ಚಳ ತೆಗೆದು ಅರ್ಧ ಗಂಟೆ ಸಣ್ಣಗೆ ಕುದಿಸಿ. ಮುಂಬೈ ನಿಹಾರಿಯ ನೆನಪು ಬರಬೇಕು ಅಂದ್ರೆ ಕಾಲಿನ ಜೊತೆ ಅರ್ಧ ಕೆಜಿ ಮೊಣಕಾಲಿನ ಮಾಂಸ ಸೇರಿಸಿ. ಕೊನೆಗೆ ಎರಡು ಚಮಚ ಗೋಧಿ ಹಿಟ್ಟು ಹುರಿದು, ನೀರಲ್ಲಿ ಕದಡಿ ಬಿಟ್ಟು, ಮೇಲೆ ಉದ್ದುದ್ದ ಹೆಚ್ಚಿದ ಶುಂಠಿ, ನಿಂಬೆಹಣ್ಣು ಇಡಿ. ಅಪ್ಪ ಅದನ್ನ ನಿಹಾರಿ ಅಂತ ಒಪ್ಪಲಿಕ್ಕಿಲ್ಲ. ತಿನ್ನದೇ ಇರಲ್ಲ.

ಹೋಟೆಲಿನಿಂದ ಪಾರ್ಸೆಲ್ ತರೋದಾದ್ರೆ ಸ್ಟೀಲ್ ಡಬ್ಬಿ ತಗೊಂಡು ಹೋಗಿ, ಕುದಿಯೋ ಸೂಪನ್ನ ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ. ಹಿಂದಿನ ಸಂಜೆಯೇ ಹೋಗಿ ‘ಅಣ್ಣಾ, ಬೆಳಗ್ಗೆ ಎರಡು ಪ್ಲೇಟ್ ಎತ್ತಿಡಿ, ಅಪ್ಪನ್ನ ಕರ್ಕೊಂಡು ಬರ್ತೀನಿ’ ಅಂತ ಹೇಳಿಟ್ಟರೆ ಏಳು ಗಂಟೆಗೆ ಹೋದ್ರೂ ಸಿಗುತ್ತೆ. ಸಿಕ್ಕ ಮೇಲೆ ಅಪ್ಪ ಏನಂದ್ರು ಅಂತ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ವಾರ ಕೇಳಿಸ್ತೀವಿ.